ಸಾಸಿಗೆ ಹೆಪ್ಪು ಹಾಕಿದವಳು

ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ "ನೀವೆಲ್ಲಿ ಕೆಲಸದಲ್ಲಿದ್ರಿ?" ಎಂದು ನನ್ನನ್ನು ಕೇಳಿದರೆ ಸಾಕು, ನಮ್ಮ ಮನೆಯವರು ನನಗಿಂತ ಮುಂಚೆ ಬಾಯಿ ಹಾಕುತ್ತಾರೆ. "ಇವ್ಳಾ? ಪೀಣ್ಯದಲ್ಲಿ ಸಾಸು ನೆಕ್ಕೋ ಕೆಲ್ಸ. ಅದಕ್ಕೂ ರಜಾ ಕೇಳ್ತಿದ್ಲು!" ಎನ್ನುತ್ತಾರೆ. ಎಲೆಯ ಮುಂದೆ ಕೂತವರೆಲ್ಲ ಹೋಳಿಗೆ ಗಂಟಲಿಗೆ ಸಿಕ್ಕುವಷ್ಟು ನಗುತ್ತಾರೆ. ನಗಲಿ ಬಿಡಿ.

ಹೌದು, ನೆಕ್ಕುತ್ತಿದ್ದೆ. ಆ ಕಾರ್ಖಾನೆಯ ಮೆಣಸಿನಕಾಯಿ ಸಾಸಿನ ಒಂದು ಬಾಟಲಿಯೂ ನನ್ನ ನಾಲಿಗೆ ದಾಟದೆ ಗೇಟು ದಾಟುತ್ತಿರಲಿಲ್ಲ. ತಳ್ಳುಗಾಡಿಯಲ್ಲಿ ಗೋಬಿ ಮಂಚೂರಿ ತಿಂದು ನೀವು ಎಂದಾದರೂ ಬೆರಳು ಚೀಪಿದ್ದರೆ, ನಿಮಗಿಂತ ಮುಂಚೆ ನಾನು ಚೀಪಿ ನೋಡಿದ್ದೆ ಎಂದು ತಿಳಿದುಕೊಳ್ಳಿ. ನನ್ನ ಹೆಸರು ಹೊನ್ನಗಂಗಮ್ಮ. ಕಾರ್ಖಾನೆಯಲ್ಲಿ ಎಲ್ಲರಿಗೂ ಗಂಗಕ್ಕ.

ಈಗ ನಾನು ಬಿಟ್ಟ ಕುರ್ಚಿಗೆ ಓದಿದ ಹುಡುಗಿಯರು ಬರುತ್ತಿದ್ದಾರೆ. ಅವರಿಗೆ ಗೋಡೆಯ ಮೇಲೆ ಚಿತ್ರ ಬಿಟ್ಟು ಪಾಠ ಮಾಡುತ್ತಾರಂತೆ. ಒಂದು ಚಿತ್ರದಲ್ಲಿ ನಾಲಿಗೆಗೆ ನಾಲ್ಕು ಬಣ್ಣ ಬಳಿದಿದ್ದಾರೆ, ಜಮೀನಿನ ನಕ್ಷೆಗೆ ಬಳಿದ ಹಾಗೆ. ಅವರಲ್ಲಿ ಮೊದಲು ಬಂದವಳು ನಿಸರ್ಗ, ಆಹಾರ ವಿಜ್ಞಾನ ಓದಿದವಳು. "ಆಂಟಿ, ಟ್ರೈನಿಂಗ್‌ನಲ್ಲಿ ಹೇಳ್ದೇ ಇರೋದನ್ನೆಲ್ಲ ನೀವು ಬರ್ದುಕೊಡಿ, ಹೊಸಬರಿಗೆ ಓದಿಸ್ತೀನಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಹೊದಿಸಿದ ಶಾಲು, ಕೊಟ್ಟ ಹಣ್ಣಿನ ಬುಟ್ಟಿ ಇವುಗಳ ಕಥೆ ಇಲ್ಲಿ ಇಲ್ಲ. ನಾನು ಮಾಡಿದ ಒಂದು ಭಾರಿ ಎಡವಟ್ಟಿನ ಕಥೆ ಇದೆ. ಅದು ಅರ್ಥವಾಗಬೇಕಾದರೆ ಮೊದಲು ಕೆಲಸ ಹೇಗಿತ್ತು ಎಂದು ಹೇಳಬೇಕು.

ನಾನು ಮಾಕಳಿಯವಳು. ಕಾರ್ಖಾನೆಗೆ ಸೇರಿದ್ದು ಬಾಟಲಿಗೆ ಮುಚ್ಚಳ ತಿರುಗಿಸುವುದಕ್ಕೆ. ಆಗ ಕಾರ್ಖಾನೆ ಎಂದರೆ ಶೀಟು ಹೊದಿಸಿದ ಒಂದು ಶೆಡ್ಡು, ಎರಡು ದೊಡ್ಡ ಕೊಪ್ಪರಿಗೆ, ಒಂದು ಬಾಯ್ಲರು ಮತ್ತು ಸಾಹುಕಾರರು. ಸಾಸು ಕಂಡುಹಿಡಿದವರೂ ಅವರೇ, ರುಚಿ ನೋಡುವವರೂ ಅವರೇ. ಒಂದು ದಿನ ಅವರಿಗೆ ಕೆಟ್ಟ ನೆಗಡಿಯಾಗಿ ಮೂಗು ಕಟ್ಟಿತು. ಸಾಸಿಗೂ ಸುಣ್ಣಕ್ಕೂ ವ್ಯತ್ಯಾಸ ತಿಳಿಯದ ಸ್ಥಿತಿ. ಹೊರಗೆ ಲಾರಿ ಬಂದು ನಿಂತಿದೆ. ಬೇರೆ ದಾರಿಯಿಲ್ಲದೆ ಮುಚ್ಚಳದ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದೊಂದು ಚಮಚ ಕೊಟ್ಟರು.

ಎಲ್ಲರೂ "ಚೆನ್ನಾಗೈತೆ ಸಾರ್" ಎಂದರು. ಸಾಹುಕಾರರ ಸಾಸನ್ನು ಅವರ ಎದುರೇ ಚೆನ್ನಾಗಿಲ್ಲ ಎನ್ನಲು ಯಾರಿಗೆ ಧೈರ್ಯ? ನನಗಿತ್ತು, ಬುದ್ಧಿ ಕಡಿಮೆ ಇದ್ದುದರಿಂದ.

"ಮೂಟೆ ತಳದ ಮೆಣಸಿನಕಾಯಿ ಹಾಕವ್ರೆ ಸಾರ್. ಬೀಜ ಸೀದೋಗೈತೆ. ಬೆಳ್ಳುಳ್ಳೀನೂ ಇನ್ನೂ ಹಸಿ ಹಸಿ" ಎಂದೆ.

ಕೊಪ್ಪರಿಗೆ ಕಾಯುತ್ತಿದ್ದವನು ನನ್ನನ್ನು ನುಂಗುವ ಹಾಗೆ ನೋಡಿದ. ಸಾಹುಕಾರರು ಮೂಟೆ ತರಿಸಿ ನೋಡಿದರು. ತಳದ್ದೇ. ಮರುದಿನದಿಂದ ನನಗೆ ಮುಚ್ಚಳದ ಕೆಲಸ ತಪ್ಪಿತು. ನನ್ನ ನಾಲಿಗೆ ಉದ್ದವಾಯಿತೆಂದು ನಮ್ಮತ್ತೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಅದಕ್ಕೆ ಸಂಬಳ ಕೊಡುವವರೂ ಇರುತ್ತಾರೆ ಎಂದು ಆಮೇಲೆ ಅವರಿಗೂ ಗೊತ್ತಾಯಿತು.

ಆದರೆ ಆ ಸಂಬಳಕ್ಕೆ ಬಿಟ್ಟದ್ದನ್ನು ಕೇಳಿ. ಎಲೆ ಅಡಿಕೆ ಬಿಟ್ಟೆ. ಬೆಳಗಿನ ಕಾಫಿ ಬಿಟ್ಟೆ. ಮಲ್ಲಿಗೆ ಮುಡಿಯುವುದನ್ನು ಬಿಟ್ಟೆ, ಯಾಕೆಂದರೆ ತಲೆಯಲ್ಲಿ ಹೂವಿದ್ದರೆ ಬೆಳ್ಳುಳ್ಳಿಯ ವಾಸನೆ ಸರಿಯಾಗಿ ಸಿಗುವುದಿಲ್ಲ. ಮನೆಯಲ್ಲಿ ಖಾರದ ಸಾರು ನಿಂತುಹೋಯಿತು. ಊರಿಗೆಲ್ಲ ಖಾರ ಹಂಚುವವಳ ಮನೆಯಲ್ಲಿ ಮೂರು ಹೊತ್ತೂ ಮೊಸರನ್ನ, ಬೇಳೆ ಕಟ್ಟು. ನಮ್ಮ ಮನೆಯವರು ಉಪ್ಪಿನಕಾಯಿ ಜಾಡಿಯನ್ನು ಅಕ್ಕನ ಮನೆಯಲ್ಲಿಟ್ಟು ಕದ್ದು ಹೋಗಿ ತಿನ್ನುತ್ತಿದ್ದರು. ಮದುವೆಮನೆಯಲ್ಲಿ ನನ್ನನ್ನು ಹಂಗಿಸುವುದು ಆ ಸಿಟ್ಟಿಗೇ ಇರಬೇಕು.

ರುಚಿ ನೋಡುವ ಕ್ರಮ ಸಾಹುಕಾರರು ಹೇಳಿಕೊಟ್ಟದ್ದು. ಬಿಳಿ ತಟ್ಟೆಯನ್ನು ಓರೆಯಾಗಿಟ್ಟು ಒಂದು ಚಮಚ ಬಿಡಿ. ನೀರು ಮುಂದೆ ಓಡಿ ಮೆಣಸಿನಕಾಯಿ ಹಿಂದೆ ಉಳಿದರೆ ಬಾಯಿಗೇ ಇಡಬೇಡಿ, ವಾಪಸ್ಸು ಕಳಿಸಿ. ಆಮೇಲೆ ನಾಲ್ಕು ಕಾಳು ಕಡ್ಲೆಪುರಿಗೆ ಎರಡು ಹನಿ ಹಾಕಿ ತಿನ್ನಿ. ಪುರಿಗೆ ತನ್ನದೇ ರುಚಿ ಇಲ್ಲ, ಅದು ಸುಳ್ಳು ಹೇಳುವುದಿಲ್ಲ. ಒಳ್ಳೆಯ ಸಾಸಿನಲ್ಲಿ ಮೊದಲು ಹುಳಿ ಗೊತ್ತಾಗುತ್ತದೆ, ಹಿಂದೆಯೇ ಬೆಳ್ಳುಳ್ಳಿ, ಖಾರ ನಿಧಾನವಾಗಿ ಗಂಟಲಿಗೆ ಬರುತ್ತದೆ. ಕೆಟ್ಟದ್ದು ನೇರ ಕಿವಿಗೆ ಹೊಡೆಯುತ್ತದೆ. ಎಷ್ಟೇ ಉರಿದರೂ ನೀರು ಕುಡಿಯಬೇಡಿ, ಉರಿ ಬಾಯೆಲ್ಲ ಹರಡುತ್ತದೆ. ಒಂದು ಚಮಚ ಗಟ್ಟಿ ಮೊಸರು ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರಿ.

ಇನ್ನು ಮೂಲ ಬಾಟಲಿಯ ವಿಷಯ. ಎಡವಟ್ಟು ಹುಟ್ಟಿದ್ದೇ ಅದರಲ್ಲಿ, ಆದ್ದರಿಂದ ಗಮನ ಕೊಟ್ಟು ಓದಿ.

ಸಾಹುಕಾರರು ತಮಗೆ ಸರಿಯೆನಿಸಿದ ಮೊಟ್ಟಮೊದಲ ಸಾಸಿನಿಂದ ಒಂದು ಬಾಟಲಿ ಎತ್ತಿಟ್ಟಿದ್ದರು. ಅದೇ ಮೂಲ ಬಾಟಲಿ. ಪ್ರತಿಸಲ ಕುದಿಸಿದ ಸಾಸನ್ನೂ ಅದರ ಪಕ್ಕದಲ್ಲಿಟ್ಟು ರುಚಿ ನೋಡಬೇಕು. ಎರಡೂ ಒಂದೇ ಆಗಿದ್ದರೆ ಸಹಿ. ಇಲ್ಲದಿದ್ದರೆ ಸಕ್ಕರೆಯೋ ವಿನೆಗರೋ ಹಾಕಿಸಿ ಹೊಂದಿಸಬೇಕು. ಬಾಟಲಿಯನ್ನು ಒಂದು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು, ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು. ಮಳೆಗಾಲದಲ್ಲಿ ಶೆಡ್ಡಿನ ಉಳಿದ ಗೋಡೆಗಳೆಲ್ಲ ಒದ್ದೆಯಾಗುತ್ತಿದ್ದುದರಿಂದ ಬೀರುವನ್ನು ಬಾಯ್ಲರಿನ ಪಕ್ಕದ ಗೋಡೆಗೆ ಆನಿಸಿ ಇಟ್ಟಿದ್ದೆವು. ಅದೊಂದೇ ಒಣಗಿದ ಗೋಡೆ.

ದಿನಾ ಎರಡೆರಡು ಹನಿ ತೆಗೆದರೆ ಬಾಟಲಿ ಎಷ್ಟು ಕಾಲ ಬಂದೀತು? ಅರ್ಧಕ್ಕಿಳಿದಾಗ ಸಾಹುಕಾರರು ತಲೆಮೇಲೆ ಕೈಹೊತ್ತು ಕೂತರು. "ಇದು ಖಾಲಿಯಾದ್ರೆ ಏನ್ ಗತಿ ಗಂಗಮ್ಮ?"

ನನಗೆ ಕೂಡಲೇ ಹೊಳೆಯಿತು. "ಮನೇಲಿ ಮೊಸರು ಪೂರ್ತಿ ಖಾಲಿ ಮಾಡ್ತೀವಾ ಸಾರ್? ಒಂದ್ ಸೌಟು ಉಳಿಸ್ಕಂಡು ಅದಕ್ಕೇ ಹಾಲು ಹಾಕಲ್ವಾ? ಇದಕ್ಕೂ ಅಂಗೇ ಮಾಡಾನ. ಚೆನ್ನಾಗಿ ಹೊಂದಿರೋ ಸಾಸನ್ನ ಇದ್ರೊಳಕ್ಕೇ ತುಂಬ್ಕಂಡು ಓಗಾನ. ಹಳೇದು ಹೊಸದಕ್ಕೆ ಹತ್ಕೊಳ್ತದೆ."

"ಓದಿದೋರಿಗೂ ಇದು ಹೊಳೀತಿರಲಿಲ್ಲ ಕಣಮ್ಮ" ಎಂದು ಸಾಹುಕಾರರು ಬಾಯಿ ತುಂಬ ಹೊಗಳಿದರು. ಅವತ್ತಿನಿಂದ ಬಾಟಲಿ ಅರ್ಧಕ್ಕಿಳಿದಾಗಲೆಲ್ಲ ನಾನು ಹೊಸದನ್ನು ತುಂಬಿದೆ. ಆಯುಧಪೂಜೆಯ ದಿನ ಬಾಯ್ಲರಿಗೆ ಮೊದಲ ಕುಂಕುಮ, ಮೂಲ ಬಾಟಲಿಗೆ ಎರಡನೆಯದು. ಸಾಹುಕಾರರು ತೀರಿಕೊಂಡ ಮೇಲೂ ಅವರ ಕೈಯ ಮೊದಲ ಸಾಸಿನ ಒಂದು ತೊಟ್ಟಾದರೂ ಆ ಬಾಟಲಿಯಲ್ಲಿದೆ ಎಂದು ಹೆಮ್ಮೆಪಡುತ್ತಿದ್ದೆ. ಬೀರುವಿನ ಬಾಗಿಲು ತೆಗೆಯುವಾಗ ಕೈಗೆ ಬೆಚ್ಚಗೆ ತಾಗುತ್ತಿತ್ತು. ಅದನ್ನೂ ಶುಭವೆಂದೇ ತಿಳಿದಿದ್ದೆ, ನನ್ನ ಕರ್ಮ.

ಸಾಹುಕಾರರ ನಂತರ ಮಗ ಬಂದರು. ನಾವು ಚಿಕ್ಕ ಸಾಹುಕಾರರು ಎನ್ನುತ್ತಿದ್ದೆವು, ಅವರು 'ಎಂಡಿ ಅನ್ನಿ' ಎನ್ನುತ್ತಿದ್ದರು. ಅವರು ಒಬ್ಬ ಕ್ವಾಲಿಟಿ ಮ್ಯಾನೇಜರನ್ನು ತಂದರು. ಒಬ್ಬಳ ನಾಲಿಗೆಯನ್ನು ನಂಬುವುದು ಅವೈಜ್ಞಾನಿಕ ಎಂದು ಮ್ಯಾನೇಜರು ಐದು ಜನರ ಮಂಡಳಿ ಮಾಡಿದರು. ಐವರೂ ಸುತ್ತ ಕೂತು, ರುಚಿ ನೋಡಿ, ಒಂದರಿಂದ ಒಂಬತ್ತರವರೆಗೆ ಅಂಕ ಬರೆಯಬೇಕು. ಬಹಳ ವೈಜ್ಞಾನಿಕ. ನಾಲ್ವರೂ ಚಮಚ ಬಾಯಿಗಿಟ್ಟು ನನ್ನ ಹುಬ್ಬು ನೋಡುತ್ತಿದ್ದರು. ನನ್ನ ಹುಬ್ಬು ಸುಮ್ಮನಿದ್ದರೆ ಎಂಟು, ಏರಿದರೆ ಮೂರು.

ಒಂದು ದಿನ ಹೀಗೆ ಕೂತಿದ್ದಾಗ ಕಾಲಿಗೆ ಕಟ್ಟಿರುವೆ ಕಚ್ಚಿತು. ಹುಬ್ಬು ತಾನಾಗಿಯೇ ಏರಿತು. ನಾನು ಬಗ್ಗಿ ಇರುವೆಯನ್ನು ಕೊಡವಿ ಎಂಟು ಬರೆದೆ. ತಲೆಯೆತ್ತಿ ನೋಡಿದರೆ ಉಳಿದ ನಾಲ್ವರೂ ಮೂರು ಕೊಟ್ಟು ಚೀಟಿ ಮಡಿಸಿಯಾಗಿತ್ತು. ಹನ್ನೆರಡು ಡ್ರಮ್ಮು ಚಿನ್ನದಂಥ ಸಾಸು ತಿರಸ್ಕೃತ. ನಾನು ಮ್ಯಾನೇಜರ ಬಳಿ ಹೋಗಿ "ಸಾರ್, ಸಾಸು ಚೆನ್ನಾಗೈತೆ, ಇರುವೆ ಕಚ್ಚಿದ್ದು" ಎಂದೆ. ಅಷ್ಟರಲ್ಲಿ ಅವರು ಘಾಟು ಅತಿಯಾಗಿದೆ ಎಂದು ಗ್ರಾಫು ಸಮೇತ ವರದಿ ಬರೆದಿದ್ದರು. ಇರುವೆಗೆ ಗ್ರಾಫಿನಲ್ಲಿ ಜಾಗ ಇರಲಿಲ್ಲ. ಮುಂದಿನ ವಾರ ನಮ್ಮ ನಡುವೆ ರಟ್ಟಿನ ಅಡ್ಡಗೋಡೆ ಬಂತು. ಆಮೇಲೆ ಆ ನಾಲ್ವರು ನನ್ನ ಉಸಿರಿನ ಸದ್ದು ಕೇಳಿ ಅಂಕ ಹಾಕುತ್ತಿದ್ದರು.

ಆಮೇಲೆ ಕುಂದಲಹಳ್ಳಿಯ ಗಾಜಿನ ಕಟ್ಟಡವೊಂದರಲ್ಲಿ ಮಾರುಕಟ್ಟೆ ವಿಭಾಗ ತೆರೆದರು. ಅಲ್ಲಿಗೆ ಬಂದವನು ರೋಹಿತ್. ಒಳ್ಳೆಯ ಹುಡುಗ, ಆದರೆ ಸಾಸನ್ನು ಬಾಯಿಗಿಡುವ ಮೊದಲು ಫೋಟೋ ತೆಗೆಯುತ್ತಿದ್ದ. 'ಯಮಪಾಶ' ಎಂಬ ಹೊಸ ಸಾಸು ತಂದು, ಸುತ್ತಲಿನ ಕಂಪನಿಗಳ ಹುಡುಗ ಹುಡುಗಿಯರಿಗೆ ಸ್ಪರ್ಧೆಯಿಟ್ಟ. ನನ್ನನ್ನು ತೀರ್ಪುಗಾರಳಾಗಿ ಕರೆಸಿದ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮಕ್ಕಳು ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕು, ಏನಾದರೂ ಆದರೆ ಕಂಪನಿ ಹೊಣೆಯಲ್ಲ ಎಂದು. ತಿನ್ನುವ ಪದಾರ್ಥಕ್ಕೆ ಆಪರೇಷನ್ನಿನ ಸಹಿ! ಒಬ್ಬ ಹುಡುಗ ಮೂರನೆಯ ಚಮಚಕ್ಕೆ ಕಣ್ಣುಗುಡ್ಡೆ ಮೇಲೆ ಮಾಡಿಕೊಂಡು ನೀರು ಕುಡಿದು ಇನ್ನಷ್ಟು ಕುಣಿದ. ನನ್ನ ಡಬ್ಬಿಯ ಮೊಸರನ್ನ ಅವನ ಬಾಯಿಗೆ ತುರುಕಿ ಕೂರಿಸಿದೆ. "ಥ್ಯಾಂಕ್ಸ್ ಆಂಟಿ, ಸಕ್ಕತ್ತಾಗಿತ್ತು" ಎಂದ. ಅವನು ಹೇಳಿದ್ದು ಸಾಸಿಗೋ ಮೊಸರನ್ನಕ್ಕೋ ಗೊತ್ತಾಗಲಿಲ್ಲ.

ರೋಹಿತ್ ನನ್ನ ಹತ್ತಿರ ಬಂದು ಕೇಳಿದ. "ಹೇಗಿದೆ ಮೇಡಂ? ಕೊನೇಲಿ ಒಂದು ಸ್ಮೋಕಿ ಫೀಲ್ ಬರುತ್ತೆ ಅಲ್ವಾ?"

"ಹೊಗೆ ಕಿವೀಲಿ ಬತ್ತಾ ಐತಪ್ಪ. ಖಾರ ಒಂದ್ ಬಿಟ್ಟು ಇದ್ರಲ್ಲಿ ಇನ್ನೇನು ಹಾಕಿದ್ದೀರ?"

"ಅದೇ ಮೇಡಂ ಕಾನ್ಸೆಪ್ಟು."

ಹೊಸಬರಿಗೆ ಇಷ್ಟು ಹೇಳುತ್ತೇನೆ: ಅಂಗಡಿಯಲ್ಲಿ ಸಾಸು ಆರಿಸುವಾಗ ತಲೆಬುರುಡೆಯ ಚಿತ್ರ ನೋಡಬೇಡಿ. ಬಾಟಲಿ ಬೋರಲು ಮಾಡಿ, ಕುತ್ತಿಗೆಯಿಂದ ಎಷ್ಟು ಬೇಗ ಇಳಿಯುತ್ತದೆ ನೋಡಿ, ನೀರಿನ ಹಾಗೆ ಓಡಿದರೆ ಬೇಡ. ಬಣ್ಣ ತೀರಾ ಕಪ್ಪಾಗಿದ್ದರೆ ಅದು ಬಿಸಿಲಲ್ಲೋ ಬಿಸಿಯಲ್ಲೋ ನಿಂತು ಮುದಿಯಾಗಿದೆ ಎಂದು ಅರ್ಥ. ಇಷ್ಟೆಲ್ಲ ತಿಳಿದ ನನಗೆ ನನ್ನ ಬೀರುವಿನೊಳಗಿದ್ದದ್ದು ಕಾಣಲಿಲ್ಲ ನೋಡಿ.

ಕಂಡವನು ಬೇರೊಬ್ಬನಿದ್ದ. ಲೇಬಲಿನ ಮೇಲಿನ ನಂಬರಿಗೆ ದೂರು ಬಂದರೆ ನನಗೆ ಕೊಡುತ್ತಿದ್ದರು. ಹೆಬ್ಬಗೋಡಿಯಿಂದ ನಂಜುಂಡ ಎಂಬಾತ ಫೋನು ಮಾಡಿದ. ಅಲ್ಲಿ ಅವನದೊಂದು ಗೋಬಿ ಗಾಡಿ.

"ಅಕ್ಕ, ಸಾಸು ಮೊದ್ಲಿನಂಗಿಲ್ಲ ಕಣಕ್ಕ. ಸೀ ಜಾಸ್ತಿ ಆಗೈತೆ. ಬೆಳ್ಳುಳ್ಳಿ ಎಲ್ಲೋ ಓಗ್ಬುಟ್ಟೈತೆ."

"ಹೊಗೆಸೊಪ್ಪು ಹಾಕ್ತೀಯೇನಪ್ಪ?"

"ಇಲ್ಲಕ್ಕ."

"ಗುಟ್ಕಾ?"

"ಅದೂ ಇಲ್ಲ."

"ಅಂಗಾದ್ರೆ ವಯಸ್ಸಾಗ್ತಾ ಐತೆ ನಿಂಗೆ. ನಾಲಿಗೆ ಮೊಂಡಾಯ್ತದೆ."

ಹಾಗೆಂದು ನಾನು ಅಸಡ್ಡೆ ಮಾಡಲಿಲ್ಲ. ಬೀರು ತೆಗೆದು, ಅವನು ಹೇಳಿದ ಸಾಸನ್ನೂ ಮೂಲ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ದೂರಿನ ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಂ ಇತ್ತು. ಅದರಲ್ಲಿ ದುಂಡಗೆ ಬರೆದೆ: ಗ್ರಾಹಕರ ನಾಲಿಗೆ ದೋಷ. ಮರುವರ್ಷ ಮತ್ತೆ ಫೋನು, ಮತ್ತೆ ಪರೀಕ್ಷೆ, ಮತ್ತೆ ಅದೇ ಬರಹ. ಹೀಗೆ ಹದಿನಾಲ್ಕು ವರ್ಷ. ಒಂದು ಸಲ ರೇಗಿ ಕೇಳಿದೆ, "ಇಷ್ಟು ಕೆಟ್ಟದಾಗಿದ್ರೆ ಯಾಕಪ್ಪ ತಗೊಳ್ತೀಯ?" ಎಂದು.

"ಬೇರೆಯೋರ್ದು ಇನ್ನೂ ಕೆಟ್ಟದಾಗೈತಕ್ಕ" ಎಂದ. ಹೊಗಳಿದನೋ ಬೈದನೋ ತಿಳಿಯದೆ ಫೋನು ಕುಕ್ಕಿದೆ.

ನನ್ನ ನಿವೃತ್ತಿಗೆ ಮೂರು ತಿಂಗಳಿದ್ದಾಗ ರೋಹಿತನ ತಲೆಗೆ ಹೊಸ ಯೋಚನೆ ಬಂತು. ಯಮಪಾಶ ನೆಲಕಚ್ಚಿತ್ತು. ಜನಕ್ಕೆ ಈಗ ಹಳೆಯದೇ ಬೇಕು ಎಂದು ಯಾರೋ ಅವನಿಗೆ ಹೇಳಿದ್ದರು. ಲೇಬಲಿನ ಮೇಲೆ ನನ್ನ ಫೋಟೋ, ಕೆಳಗೆ 'ಗಂಗಕ್ಕನ ನಾಲಿಗೆ ಸಾಕ್ಷಿ: ಅಂದೂ ಅದೇ, ಇಂದೂ ಅದೇ'. ಕಂಪ್ಯೂಟರಿನಲ್ಲಿ ನನ್ನ ಹತ್ತು ವರ್ಷ ಇಳಿಸಿ, ನಾನು ಮುಡಿಯದ ಮಲ್ಲಿಗೆಯನ್ನೂ ಮುಡಿಸಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು. ಸಾಸು ನೆಕ್ಕಿದವಳ ಮುಖ ಪ್ರತಿ ಅಂಗಡಿಯಲ್ಲೂ ಇರುತ್ತದೆ. ಮದುವೆಮನೆಯಲ್ಲಿ ನಮ್ಮ ಮನೆಯವರು ಬಾಯಿ ಹಾಕಲಿ ನೋಡೋಣ ಎಂದುಕೊಂಡೆ. ಮನೆಗೆ ಹೋಗಿ ಲೇಬಲನ್ನು ಕನ್ನಡಿಗೆ ಸಿಕ್ಕಿಸಿಟ್ಟೆ.

ಅದೇ ವಾರ ನಿಸರ್ಗ ಕೆಲಸಕ್ಕೆ ಸೇರಿದಳು. ಮೊದಲ ದಿನ ಬೀರು ತೋರಿಸಿದೆ. ಬಾಗಿಲು ಮುಟ್ಟಿದವಳೇ ಕೈ ಹಿಂದಕ್ಕೆಳೆದಳು.

"ಆಂಟಿ, ಇದು ಬಿಸಿ ಇದೆಯಲ್ಲ! ಸ್ಟ್ಯಾಂಡರ್ಡ್ ಬಾಟ್ಲು ಫ್ರಿಜ್‌ನಲ್ಲಿ ಇರ್ಬೇಕಲ್ವಾ?"

"ನಿಮ್ಮಪ್ಪ ಅಮ್ಮ ಮದುವೆ ಆಗೋ ಮುಂಚಿಂದ್ಲೂ ಈ ಬಾಟ್ಲು ಇಲ್ಲೇ ಐತೆ ಕಣಮ್ಮ."

"ಬಿಸಿಗೆ ಬೆಳ್ಳುಳ್ಳಿ ಫ್ಲೇವರ್ ಹೋಗ್ಬಿಡುತ್ತೆ ಆಂಟಿ. ಬಣ್ಣ ಕಪ್ಪಾಗುತ್ತೆ. ಆಮೇಲೆ ನೀವು ಇದಕ್ಕೆ ಹೊಂದೋ ಥರ ಸಾಸು ಮಾಡಿಸ್ತೀರ, ಅದನ್ನೇ ತಿರ್ಗ ಇದಕ್ಕೇ ತುಂಬ್ತೀರ. ಅದೂ ಇಲ್ಲೇ ಬೇಯುತ್ತೆ..."

"ನೀನು ಹುಟ್ಟೋಕ್ ಮುಂಚೆ ನಾನು ನಾಲಿಗೆ ಇಟ್ಟಿದ್ದೀನಿ. ಮೊದ್ಲು ಆ ಬಾಡಿ ಸ್ಪ್ರೇ ಹಾಕೋದು ಬಿಡು, ಆಮೇಲೆ ಮಾತಾಡು" ಎಂದು ಬಾಯಿ ಮುಚ್ಚಿಸಿದೆ. ಅವಳು ಸುಮ್ಮನಾದಳು. ನನಗೇ ಸುಮ್ಮನಿರಲಾಗಲಿಲ್ಲ. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವಾಗ ಅವಳ ಮಾತು ನೆನಪಾಗಿ ಸೌಟು ಹಿಡಿದು ನಿಂತುಬಿಟ್ಟೆ. ನಮ್ಮನೆಯ ಮೊಸರೂ ಬೇಸಿಗೆಯಲ್ಲಿ ದಿನದಿನಕ್ಕೆ ಹುಳಿಯಾಗುತ್ತಾ ಹೋಗಿ, ಒಂದು ದಿನ ಪೂರ್ತಿ ಚೆಲ್ಲಿ ಪಕ್ಕದ ಮನೆಯಿಂದ ಬೇರೆ ಹೆಪ್ಪು ತರುತ್ತಿದ್ದೆವು. ಸಾಸಿಗೆ ಪಕ್ಕದ ಮನೆ ಎಲ್ಲಿದೆ?

ಜಾಹೀರಾತಿನ ಚಿತ್ರ ತೆಗೆಯಲು ರೋಹಿತ್ ನಮ್ಮೆಲ್ಲರನ್ನೂ ಹೆಬ್ಬಗೋಡಿಗೆ ಕರೆದುಕೊಂಡು ಹೋದ. ಅತಿ ಹಳೆಯ ಗಿರಾಕಿ ಯಾರೆಂದು ಪುಸ್ತಕ ಹುಡುಕಿದಾಗ ಅವನಿಗೆ ಸಿಕ್ಕ ಹೆಸರು ನಂಜುಂಡ! ಫೋನಿನಲ್ಲಿ ಅಷ್ಟು ವರ್ಷ ಕಿತ್ತಾಡಿದವನನ್ನು ಅವತ್ತೇ ಮೊದಲು ಕಂಡೆ. ಗಿಡ್ಡ ಮನುಷ್ಯ, ನರೆತ ಮೀಸೆ, ತೊಳೆದು ಒಗೆದ ಏಪ್ರನ್ನು. ಮಧ್ಯಾಹ್ನ ಮೂರು ಗಂಟೆ, ಇನ್ನೂ ಗಾಡಿ ಜೋಡಿಸುತ್ತಿದ್ದ.

"ಓ, ಅಕ್ಕ ನೀವೇನಾ?" ಎಂದು ಕೈಮುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ಕಿರಿಕಿರಿಯಾಯಿತು.

ರೋಹಿತನ ಯೋಜನೆ ಸರಳವಾಗಿತ್ತು. ನನ್ನ ಕಣ್ಣಿಗೆ ಬಟ್ಟೆ ಕಟ್ಟುವುದು. ಎರಡು ತಟ್ಟೆ: ಒಂದರಲ್ಲಿ ನಮ್ಮ ಸಾಸು, ಇನ್ನೊಂದರಲ್ಲಿ ಬೇರೆ ಯಾವುದಾದರೂ. ನಾನು ರುಚಿ ನೋಡಿ 'ಇದೇ ನಮ್ಮದು' ಎಂದು ಬೊಟ್ಟು ಮಾಡುವುದು. ಬೇರೆ ಕಂಪನಿಯ ಬಾಟಲಿ ತರಲು ಅವನು ಮರೆತಿದ್ದ. "ಅಣ್ಣ, ನಿಮ್ ಗಾಡೀಲಿ ಬೇರೆ ಯಾವ್ ಸಾಸಿದೆಯೋ ಅದನ್ನೇ ಒಂದು ಪ್ಲೇಟಿಗೆ ಹಾಕಿ" ಎಂದು ನಂಜುಂಡನಿಗೆ ಹೇಳಿದ್ದು ನನಗೆ ಕೇಳಿಸಿತು.

ಕ್ಯಾಮೆರಾ ಶುರುವಾಯಿತು. ಮೊದಲ ತಟ್ಟೆಯಿಂದ ಎರಡು ಹನಿ, ಕಡ್ಲೆಪುರಿಯ ಮೇಲೆ. ಬಾಯಿಗಿಟ್ಟೆ.

ಹುಳಿ ಬಂತು, ಹಿಂದೆಯೇ ಬೆಳ್ಳುಳ್ಳಿ, ಖಾರ ನಿಧಾನವಾಗಿ ಗಂಟಲಿಗೆ. ಅಯ್ಯೋ, ಆ ಶೀಟಿನ ಶೆಡ್ಡು, ಮೂಗು ಕಟ್ಟಿಕೊಂಡು ಕೂತ ಸಾಹುಕಾರರು, ಹೊರಗೆ ನಿಂತ ಲಾರಿ, ಎಲ್ಲ ಕಣ್ಣಮುಂದೆ ಬಂತು. ಕಟ್ಟಿದ ಬಟ್ಟೆಯೊಳಗೆ ಕಣ್ಣು ತುಂಬಿತು. "ಇದೇ!" ಎಂದು ಕೂಗಿಬಿಟ್ಟೆ. "ಇದೇ ನಮ್ದು! ನಮ್ ಸಾಹುಕಾರ್ರ ಕೈ ಸಾಸು ಇದು!"

"ಸೂಪರ್ ಮೇಡಂ, ಅಳೋದು ತುಂಬಾ ಚೆನ್ನಾಗಿ ಬಂತು. ಎರಡನೇದೂ ನೋಡಿಬಿಡಿ" ಎಂದ ರೋಹಿತ್.

ಎರಡನೆಯದನ್ನು ನಾಲಿಗೆಗಿಟ್ಟೆ. ಸಿಹಿ, ಮಂಕು, ಬೆಳ್ಳುಳ್ಳಿಯ ಸುಳಿವಿಲ್ಲ. ಆದರೆ ನನಗೆ ಚೆನ್ನಾಗಿ ಗೊತ್ತಿರುವ ರುಚಿ. ಹಿಂದಿನ ದಿನ ಬೆಳಿಗ್ಗೆ ತಾನೇ ಸಹಿ ಹಾಕಿ ಕಳಿಸಿದ ಸಾಸು ಅದು. ದಿನಾ ಪಕ್ಕಪಕ್ಕ ಇಟ್ಟು ಕೂದಲೆಳೆ ವ್ಯತ್ಯಾಸವಿಲ್ಲ ಎನ್ನುತ್ತಿದ್ದ ಸಾಸು.

ಬಟ್ಟೆ ಬಿಚ್ಚಿದೆ. ನಂಜುಂಡನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಜಗ್ಗು ಇತ್ತು.

"ಅದ್ರಲ್ಲಿ ಯಾವ್ ಸಾಸಪ್ಪ?" ಎಂದೆ.

"ನಿಮ್ದೇ ಅಕ್ಕ. ಬೆಳಿಗ್ಗೆ ಒಂದಷ್ಟು ಬೆಳ್ಳುಳ್ಳಿ ಜಜ್ಜಿ, ಬ್ಯಾಡಗಿ ನೆನೆಸಿ ರುಬ್ಬಿ, ಒಸಿ ವಿನೆಗರ್ ಬಿಟ್ಟು ನಿಮ್ ಸಾಸಿನ ಜೊತೆ ಕುದಿಸ್ಕತೀನಿ. ಮೊದ್ಲು ಎಂಗಿತ್ತೋ ಅಂಗೆ ಮಾಡ್ಕತೀನಿ. ಗಿರಾಕಿಗಳು ಆ ರುಚಿಗೇ ಬರೋದು."

"ಎಷ್ಟು ವರ್ಷದಿಂದ?"

"ನಿಮಗೆ ಪೋನ್ ಮಾಡಕ್ ಶುರು ಮಾಡ್ದಾಗಿಂದ."

"ಇಷ್ಟು ದಿನ ಒಂದ್ ಮಾತು ಹೇಳ್ಬಾರ್ದಿತ್ತಾ ನಂಜುಂಡ?"

ಅವನು ನನ್ನ ಮುಖ ನೋಡಿದ. "ಯೋಳ್ತಾನೇ ಇದ್ನಲ್ಲಕ್ಕ, ವರ್ಸಾ ವರ್ಸಾ."

ನಾಚಿಕೆಯಿಂದ ಮುಖ ಉರಿಯಿತು. ನಿಸರ್ಗ ಪಕ್ಕದಲ್ಲೇ ನಿಂತಿದ್ದಳು. 'ನಾನು ಹೇಳಿರಲಿಲ್ವಾ' ಎಂದು ಅವಳು ಅನ್ನಬಹುದಿತ್ತು. ಅನ್ನಲಿಲ್ಲ. ಸುಮ್ಮನೆ ಒಂದು ಚಮಚ ಮೊಸರು ಕೊಟ್ಟಳು. ರೋಹಿತ್ ಮಾತ್ರ ಸಡಗರದಲ್ಲಿದ್ದ. "ಏನೂ ಟೆನ್ಷನ್ ತಗೋಬೇಡಿ ಮೇಡಂ, ಎಡಿಟಿಂಗ್‌ನಲ್ಲಿ ಪ್ಲೇಟ್ ಬದ್ಲಾಯಿಸ್ತೀವಿ. ನೀವು ಬೊಟ್ಟು ಮಾಡಿದ್ದು ನಮ್ ಬಾಟ್ಲಿಗೇ ಅನ್ನೋ ಥರ ತೋರಿಸ್ತೀವಿ."

ಮರುದಿನ ಚಿಕ್ಕ ಸಾಹುಕಾರರ ಕೋಣೆಗೆ ಹೋದೆ. ಹೆಪ್ಪಿನ ಕಥೆ, ಬಾಯ್ಲರಿನ ಗೋಡೆ, ನಂಜುಂಡನ ಜಗ್ಗು, ಒಂದನ್ನೂ ಬಿಡದೆ ಹೇಳಿದೆ. "ತಪ್ಪು ನಂದು ಸಾರ್. ಅಂದೂ ಅದೇ ಇಂದೂ ಅದೇ ಅನ್ನೋದು ಸುಳ್ಳು. ಅದಕ್ಕೆ ನನ್ ಮುಖ ಸಾಕ್ಷಿ ಬ್ಯಾಡ. ಲೇಬಲ್ ಮೇಲಿಂದ ಫೋಟೋ ತೆಗೆಸ್ಬಿಡಿ" ಎಂದೆ. ಕನ್ನಡಿಗೆ ಸಿಕ್ಕಿಸಿದ್ದ ಲೇಬಲು ಕಣ್ಣಮುಂದಿತ್ತು.

ಅವರಿಗೆ ಸಾಸಿನ ಚಿಂತೆಯಾಗಲಿಲ್ಲ. "ಅದ್ಹೇಗಾಗುತ್ತೆ ಗಂಗಮ್ಮ? ಲೇಬಲ್ ಪ್ರಿಂಟಾಗಿ ಬಂದ್ಬಿಟ್ಟಿದೆ. ಗೋಡೌನ್ ತುಂಬ ಅದೇ ಇದೆ. ಲೇಬಲ್ ಚೇಂಜ್ ಮಾಡೋಕಾಗಲ್ಲ."

ಎಷ್ಟು ಜನ ಮೇಲಧಿಕಾರಿಗಳ ಎಷ್ಟು ಮಾತಿಗೆ ತಲೆಯಾಡಿಸಿದ್ದೆನೋ. ಅವತ್ತು ಎಲ್ಲಿಂದ ಬಂತೋ ಧೈರ್ಯ. "ಲೇಬಲ್ ಬದಲಾಗಲ್ಲ ಅಂದ್ರೆ ಸಾಸು ಬದಲಾಗ್ಲಿ ಸಾರ್. ಆ ಮೇಲಿನ ಮಾತು ನಿಜ ಆಗೋ ಥರ ಮಾಡಾನ. ಇಲ್ಲ ಅಂದ್ರೆ ಆ ನಂಜುಂಡನ ಗಾಡಿ ಪಕ್ಕದಲ್ಲೇ ನಿಂತ್ಕಂಡು ಬಂದೋರಿಗೆಲ್ಲ ನಾನೇ ಹೇಳ್ತೀನಿ, ಈ ಫೋಟೋದಲ್ಲಿರೋಳೇ ನಾನು ಅಂತ."

ಅವರು ಬಹಳ ಹೊತ್ತು ಲೆಕ್ಕ ಹಾಕಿದರು. ಸಾಸು ಬದಲಿಸುವುದೇ ಸುಲಭ ಎಂದು ಕಂಡಿತು.

ಮುಂದಿನ ಸೋಮವಾರ ನಂಜುಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪೀಣ್ಯಕ್ಕೆ ಬಂದ. ಗೇಟಿನ ಪುಸ್ತಕದಲ್ಲಿ ಬಂದ ಉದ್ದೇಶ ಏನು ಎಂದು ಕಾವಲಿನವನು ಕೇಳಿದನಂತೆ. ಇವನಿಗೆ ಬೇರೇನೂ ಹೊಳೆಯದೆ 'ದೂರು' ಎಂದು ಬರೆಸಿದ್ದ. ಮ್ಯಾನೇಜರು ಅವನ ವಿದ್ಯಾರ್ಹತೆ ಕೇಳಿದರು. "ಏಳನೇ ಕ್ಲಾಸು ಸಾರ್, ಗೋಬಿ ಇಪ್ಪತ್ತು ವರ್ಸ" ಎಂದ. ಎರಡು ದಿನ ಕೊಪ್ಪರಿಗೆಯ ಮುಂದೆ ನಾನೂ ಅವನೂ ನಿಂತೆವು. ಅವನು ಹಾಕುತ್ತಿದ್ದ, ನಾನು ನಾಲಿಗೆಯಿಟ್ಟು ಇನ್ನೂ ಇಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದೆ, ನಿಸರ್ಗ ತೂಕ ಬರೆದುಕೊಳ್ಳುತ್ತಿದ್ದಳು. ಮೂರನೆಯ ಕುದಿಗೆ ಇಬ್ಬರೂ ಒಟ್ಟಿಗೇ ತಲೆಯೆತ್ತಿದೆವು. ಅವತ್ತು ಹುಬ್ಬು ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ಹಳೆಯ ಮೂಲ ಬಾಟಲಿಯನ್ನು ನಾನೇ ತೊಟ್ಟಿಗೆ ಸುರಿದೆ. ಕಪ್ಪಗೆ ಹರಿದುಹೋಯಿತು. ಸಾಹುಕಾರರ ಮೊದಲ ಸಾಸಿನ ತೊಟ್ಟೂ ಅದರಲ್ಲಿ ಹೋಯಿತೆಂದು ಅತ್ತೆ. ನಂಜುಂಡ "ಬುಡಕ್ಕ, ಸಾವ್ಕಾರ್ರು ಅದ್ರೊಳಗಿಂದ ಎಂದೋ ಒಂಟೋಗಿದ್ರು" ಎಂದ. ಹೊಸ ಸಾಸನ್ನು ಪುಟ್ಟ ಪುಟ್ಟ ಬಾಟಲಿಗಳಲ್ಲಿ ತುಂಬಿ ನಿಸರ್ಗ ಫ್ರಿಜ್ಜಿನಲ್ಲಿಟ್ಟಳು. ತಿಂಗಳಿಗೊಂದು ತೆಗೆಯುವುದು, ಉಳಿದದ್ದನ್ನು ಚೆಲ್ಲುವುದು, ಮುಗಿಯುತ್ತಾ ಬಂದರೆ ಬರೆದಿಟ್ಟ ತೂಕದಂತೆ ಹೊಸದಾಗಿ ಕುದಿಸುವುದು. ಯಾವುದಕ್ಕೂ ಏನನ್ನೂ ತುಂಬುವಂತಿಲ್ಲ.

'ಅಂದೂ ಅದೇ, ಇಂದೂ ಅದೇ' ಎಂದು ಬರೆದ ಬಾಟಲಿ ಅಂಗಡಿಗೆ ಹೋದ ವಾರವೇ ದೂರುಗಳು ಶುರುವಾದವು, ರುಚಿ ಪೂರ್ತಿ ಬದಲಾಗಿದೆ ಎಂದು. ಸಿಹಿ ಎಲ್ಲಿ ಹೋಯಿತು ಎಂದು ಬೈದವರೇ ಹೆಚ್ಚು. ರೋಹಿತ್ ತಲೆ ಚಚ್ಚಿಕೊಂಡ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಯಾರ ನಾಲಿಗೆಯನ್ನೂ ಬೈಯಲಿಲ್ಲ.

ಕೆಲಸದ ಕೊನೆಯ ದಿನ ಬೀಗದ ಕೈ ಕೊಡಲು ಹೋದೆ. ಖಾಲಿ ಬೀರುವಿಗೆ ಬೀಗ ಯಾಕೆ ಎಂದು ನಿಸರ್ಗ ನಕ್ಕಳು. ಆಗ ಫೋನು ಬಂತು.

"ಅಕ್ಕ, ನಂಜುಂಡ. ಇವತ್ತು ಜಗ್ಗು ತೊಳ್ದು ಬೋರಲಾಕ್ದೆ. ಬಾಟ್ಲಿಂದ ನೇರ ಬಾಂಡ್ಲಿಗೇ ಬಿಟ್ಟೆ. ಏನೂ ಸೇರಿಸ್ಲಿಲ್ಲ."

"ಗಿರಾಕಿಗಳು ಏನಂದ್ರಪ್ಪ?"

"ಏನೂ ಅನ್ನಿಲ್ಲಕ್ಕ. ತಿನ್ಕಂಡು ಓದ್ರು."

ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಸಿಕ್ಕಿಲ್ಲ. ದೂರಿನ ರಿಜಿಸ್ಟರು ತರಿಸಿ ಕೂತೆ. ಹದಿನಾಲ್ಕು ಕಡೆ ದುಂಡಗೆ ಬರೆದಿದ್ದ 'ಗ್ರಾಹಕರ ನಾಲಿಗೆ ದೋಷ'ವನ್ನು ಹುಡುಕಿ ಹುಡುಕಿ ಹೊಡೆದುಹಾಕಿ, ಕಾರಣದ ಕಾಲಂನಲ್ಲಿ ನನ್ನ ಹೆಸರು ಬರೆದು ಸಹಿ ಮಾಡಿದೆ.

ಹೊಸದಾಗಿ ಬಂದವರು ಆ ರಿಜಿಸ್ಟರನ್ನು ಒಂದು ಸಲ ತೆಗೆದು ನೋಡಿ. ಒಬ್ಬರೇ ಎರಡನೆಯ ಸಲ ಫೋನು ಮಾಡಿದರೆ ಪೆನ್ನು ಕೆಳಗಿಟ್ಟು ಎದ್ದು ಹೊರಡಿ. ಪೀಣ್ಯದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್ಕಿನಿಂದ ಹೆಬ್ಬಗೋಡಿ, ಎರಡೇ ಬಸ್ಸು. ನನಗೆ ಹದಿನಾಲ್ಕು ವರ್ಷ ಹಿಡಿಯಿತು.